ಹನ್ನೊಂದನೇ ನಂಬರಿನ ಮಂಡಿಗೊಂದು ಮುಡಿಪು

ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ನಾವು ಯಳಂದೂರಿನ ಬಸ್ಸು ಹತ್ತಿದಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ಅತ್ತೆಯ ಕೈಯಲ್ಲಿ ಊರುಗೋಲು, ನನ್ನ ಕೈಯಲ್ಲಿ ನೀರಿನ ಬಾಟಲಿ ಮತ್ತು ಉಪ್ಪಿಟ್ಟಿನ ಡಬ್ಬಿ. ಅತ್ತೆಯ ಸೆರಗಿನ ತುದಿಯಲ್ಲಿ, ಅರಿಶಿನ ಬಟ್ಟೆಯಲ್ಲಿ ಕಟ್ಟಿದ ಒಂದು ಪುಟ್ಟ ಮುಡಿಪು. ಕಂಡಕ್ಟರು ನಮ್ಮಿಬ್ಬರ ಆಧಾರ್ ಕಾರ್ಡು ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟ.

“ಎಲ್ಲಿಗಜ್ಜಿ, ರಂಗಪ್ಪನ ಬೆಟ್ಟಕ್ಕಾ?”

“ಬೆಟ್ಟಕ್ಕಲ್ಲ ಕನಪ್ಪ, ಮ್ಯಾಚ್ಗೆ.”

“ಕ್ರಿಕೆಟ್ಟಾ?”

“ಅದ್ಯಾರ್ ನೋಡಾರು? ಅರ್ಧ ಜನ ಸುಮ್ಕೆ ನಿಂತಿರ್ತವೆ. ಬ್ಯಾಸ್ಕೆಟ್ ಬಾಲು.”

ಕಂಡಕ್ಟರು ಅತ್ತೆಯ ಊರುಗೋಲನ್ನು ಒಮ್ಮೆ, ಅವರ ಎತ್ತರವನ್ನು ಒಮ್ಮೆ ನೋಡಿದ. “ಯಾವ ಟೀಮ್ಗೆ ಆಡ್ತೀಯಜ್ಜಿ?” ಎಂದ. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಅತ್ತೆಯೂ ನಕ್ಕು, ಆ ಟಿಕೆಟನ್ನು ನಾಲ್ಕು ಮಡಿಕೆ ಮಾಡಿ ಮುಡಿಪಿನ ಪಕ್ಕದಲ್ಲೇ ಗಂಟು ಹಾಕಿಕೊಂಡರು.

ಈ ಪ್ರಯಾಣದ ಹಿಂದಿನ ಕಥೆಯನ್ನು ಹೇಳಲೇಬೇಕು. ನಾನು ಓದಿದ್ದು ಮೈಸೂರಿನ ಕಾನ್ವೆಂಟಿನಲ್ಲಿ. ಬಿಳಿ ನಿಲುವಂಗಿಯ ಕೆಳಗೆ ಕ್ಯಾನ್ವಾಸ್ ಶೂ ತೊಟ್ಟ ಸಿಸ್ಟರೊಬ್ಬರು ನಮಗೆ ಬಾಸ್ಕೆಟ್‌ಬಾಲ್ ಕಲಿಸುತ್ತಿದ್ದರು. ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದ ಮೇಲೆ ಆಟ ನೋಡುವುದಕ್ಕಷ್ಟೇ ಉಳಿಯಿತು. ಮೈಸೂರಿನ ಹೆಣ್ಣುಮಕ್ಕಳ ವೃತ್ತಿಪರ ತಂಡ ಕಪಿಲಾ ಈಗಲ್ಸ್‌ನ ಒಂದು ಪಂದ್ಯವನ್ನೂ ನಾನು ಬಿಟ್ಟವಳಲ್ಲ. ಫೋನನ್ನು ಉಪ್ಪಿನ ಜಾಡಿಗೆ ಒರಗಿಸಿಟ್ಟು, ಸೊಪ್ಪು ಬಿಡಿಸುತ್ತಾ ನೋಡುತ್ತಿದ್ದೆ.

ಎರಡು ವರ್ಷದ ಹಿಂದೆ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಗಿ ತಿಂಗಳುಗಟ್ಟಲೆ ಮಲಗಿದ ಕಡೆಯೇ ಆಯಿತು. ನಾನು ಅವರ ಮಂಚದ ಮೇಲೆ ಕೂತು ಪಂದ್ಯ ನೋಡುವಾಗ ಪಕ್ಕದಿಂದ ಇಣುಕಿ, “ಅಷ್ಟೆತ್ತರಕ್ಕೆ ಬುಟ್ಟಿ ನೇತಾಕವ್ರಲ್ಲ, ಅದ್ಕೆ ತಳಾನೇ ಇಲ್ವಲ್ಲ ಮಂಜು?” ಎಂದರು. ಅಲ್ಲಿಂದ ಶುರುವಾಯಿತು. ಒಂದು ತಿಂಗಳಲ್ಲಿ ಎಲ್ಲರ ನಂಬರು ಬಾಯಿಗೆ ಬಂತು. ಅವರಿಗೆ ಹೆಚ್ಚು ಇಷ್ಟವಾದವಳು ಹನ್ನೊಂದನೇ ನಂಬರಿನ ಮೇರಿ. ನಮ್ಮ ಹನೂರು ಸೀಮೆಯ ಮಾರ್ಟಳ್ಳಿಯ ಹುಡುಗಿ.

ಅದೇ ವರ್ಷ ಮೇರಿ ಚೆಂಡಿಗೆ ಹಾರಿ ಇಳಿಯುವಾಗ ಮಂಡಿ ತಿರುಚಿಕೊಂಡು ಬಿದ್ದಳು. ಅವಳನ್ನು ಎತ್ತಿಕೊಂಡು ಹೋದದ್ದನ್ನು ಅತ್ತೆ ಮಲಗಿದಲ್ಲಿಂದಲೇ ನೋಡಿದರು. ಮಾರನೆಯ ದಿನ ಅರಿಶಿನ ಬಟ್ಟೆ ತರಿಸಿ, ಒಂದು ನಾಣ್ಯ ಇಟ್ಟು, ಮಾದಪ್ಪನ ಹೆಸರಿನಲ್ಲಿ ಮುಡಿಪು ಕಟ್ಟಿಸಿದರು. ಅವರ ಸೊಂಟಕ್ಕಿರಬೇಕು ಎಂದುಕೊಂಡೆ.

“ನನ್ ಸೊಂಟ ಇನ್ನೇನ್ ಮಾಡ್ಬೇಕವ್ವ? ಅಡ್ಗೆಮನೆಗೂ ಜಗುಲಿಗೂ ಓಗ್ಬಂದ್ರೆ ಸಾಕು. ಆ ಮಗಾ ಓಡ್ಬೇಕಲ್ಲ” ಎಂದರು.

ನಮ್ಮ ಮನೆಯ ಪದ್ಧತಿ ಹೀಗಿದೆ: ಯಾರಿಗಾಗಿ ಮುಡಿಪು ಕಟ್ಟಿದೆಯೋ ಅವರು ವಾಸಿಯಾದ ಮೇಲೆ ತಮ್ಮ ಕೈಯಿಂದ ಅದನ್ನು ಮುಟ್ಟಬೇಕು. ಆಮೇಲೆಯೇ ಅದು ಮಾದಪ್ಪನ ಬೆಟ್ಟದ ಹುಂಡಿಗೆ ಹೋಗಬೇಕು. ಅಲ್ಲಿಯವರೆಗೆ ದೇವರ ಗೂಡಿನ ಮೊಳೆಯಲ್ಲಿ ತೂಗುತ್ತಿರಬೇಕು. ಕಟ್ಟಿದವರು ಬದುಕಿರುವಾಗಲೇ ಅದು ತೀರಬೇಕು. ಇಲ್ಲದಿದ್ದರೆ ಆ ಹರಕೆ ಮನೆಯ ಸೊಸೆಯ ಮೇಲೆ ಬೀಳುತ್ತದೆ. ಎರಡು ವರ್ಷ ತೂಗಿ ತೂಗಿ ಅರಿಶಿನ ಮಾಸಿತ್ತು. ಅಂಚೆಯಲ್ಲಿ ಕಳಿಸಿ ಮುಟ್ಟಿಸಿ ತರಿಸೋಣವೇ ಎಂದು ಒಮ್ಮೆ ಕೇಳಿದ್ದೆ. “ಮಾದಪ್ಪನ್ನ ಪೋಸ್ಟ್ ಡಬ್ಬಕ್ಕಾಕ್ತೀಯಾ?” ಎಂದು ಎರಡು ದಿನ ಮಾತು ಬಿಟ್ಟಿದ್ದರು.

ಈ ಏಪ್ರಿಲ್ಲಿನಲ್ಲಿ ಈಗಲ್ಸ್ ತಂಡ ತಾಲ್ಲೂಕು ಊರುಗಳಲ್ಲಿ ಪ್ರದರ್ಶನ ಪಂದ್ಯ ಆಡಲು ಹೊರಟಿತು. ಶನಿವಾರ ಬೆಳಿಗ್ಗೆ ಯಳಂದೂರು, ಮಧ್ಯಾಹ್ನ ಕೊಳ್ಳೇಗಾಲ, ಭಾನುವಾರ ಹನೂರು. ತಂಡ ಎರಡು ಪಾಲಾಗಿ ಹಸಿರು ಬನಿಯನ್ನಿನವರು, ಬಿಳಿ ಬನಿಯನ್ನಿನವರು ಎಂದು ತಮ್ಮತಮ್ಮಲ್ಲೇ ಆಡುವುದು. ಬಿದ್ದಂದಿನಿಂದ ಒಂದೂ ಪಂದ್ಯ ಆಡದಿದ್ದ ಮೇರಿಯೂ ಬರುತ್ತಾಳೆಂದು ತಿಳಿದ ಮೇಲೆ ಅತ್ತೆಯನ್ನು ಹಿಡಿಯುವವರಿರಲಿಲ್ಲ. ಮಧ್ಯಾಹ್ನ ನಮ್ಮೂರಿಗೇ ಬರುತ್ತಾರಲ್ಲ ಎಂದರೂ ಕೇಳದೆ ಬೆಳಿಗ್ಗೆಯೇ ಯಳಂದೂರಿಗೆ ಹೊರಡಿಸಿದರು.

ಯಳಂದೂರಿಗೆ ಸುಮಾರು ಹದಿನೈದು ಕಿಲೋಮೀಟರು. ಗದ್ದೆಗಳ ಮೇಲೆ ಬೆಳ್ಳಕ್ಕಿ ಕೂತಿದ್ದವು. ದೂರದಲ್ಲಿ ಬೆಟ್ಟಸಾಲು ತೆಳು ನೀಲಿಯಾಗಿತ್ತು. ಇಳಿದು, ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಉಪ್ಪಿಟ್ಟು ತಿಂದು ಮೈದಾನಕ್ಕೆ ಹೋದೆವು. ಹುಡುಗಿಯರನ್ನು ಹತ್ತಿರದಿಂದ ನೋಡಿದ್ದು ನನಗೂ ಮೊದಲನೇ ಸಲ. ಫೋನಿನಲ್ಲಿ ಬೆರಳುದ್ದ ಇದ್ದವರು ಬಾಗಿಲ ಚೌಕಟ್ಟಿನಷ್ಟು ಎತ್ತರವಿದ್ದರು. ಒಬ್ಬಳ ಎರಡು ಶೂಗಳಿಗೂ ಬೇರೆಬೇರೆ ಬಣ್ಣದ ದಾರವಿತ್ತು. ಇನ್ನೊಬ್ಬಳು ಆಟಕ್ಕೆ ಮೊದಲು ಗಾಜಿನ ಬಳೆ ಬಿಚ್ಚಿ ಕರವಸ್ತ್ರದಲ್ಲಿ ಸುತ್ತಿಟ್ಟಳು.

ಮೇರಿ ಆಡಲಿಲ್ಲ. ಮಂಡಿಗೆ ಕಪ್ಪು ಪಟ್ಟಿ ಹಾಕಿಕೊಂಡು ಬೆಂಚಿನ ಮೇಲೆ ಕೂತೇ ಇದ್ದಳು. ಉಳಿದವರಿಗೆ ನೀರು ಕೊಡುತ್ತಿದ್ದಳು, ಚಪ್ಪಾಳೆ ತಟ್ಟುತ್ತಿದ್ದಳು.

“ಇನ್ನೂ ವಾಸಿ ಆಗಿಲ್ವೇನವ್ವ?” ಅತ್ತೆಯ ದನಿ ಕುಗ್ಗಿತು. “ವಾಸಿ ಆಗ್ದೆ ಮುಟ್ಟುಸ್ಬಾರ್ದು.”

ಪಂದ್ಯ ಮುಗಿಯುತ್ತಿದ್ದಂತೆ ಸೆಲ್ಫಿಗೆಂದು ಮಕ್ಕಳು ಮುತ್ತಿದರು. ಮಂಡಿ ಹೇಗಿದೆ ಎಂದಾದರೂ ಕೇಳೋಣವೆಂದು ಅತ್ತೆ ಕೋಲೂರಿಕೊಂಡು ತಲುಪುವಷ್ಟರಲ್ಲಿ ತಂಡದ ಬಸ್ಸು ಹೊರಟಿತ್ತು. ಕಿಟಕಿಯ ಗಾಜಿನ ಒಳಗಿಂದ ಮೇರಿ ಎಲ್ಲರಿಗೂ ಬೀಸಿದಂತೆ ನಮಗೂ ಕೈಬೀಸಿದಳು. ಅತ್ತೆ ಮುಡಿಪನ್ನು ಎತ್ತಿ ಹಿಡಿದರು. ಗಾಜಿನಾಚೆ ಅದು ಕಂಡಿತೋ ಇಲ್ಲವೋ.

ಕೊಳ್ಳೇಗಾಲಕ್ಕೆ ವಾಪಸ್ಸು ಬರುವಾಗ ಮೋಡ ಕಟ್ಟಿತು. ಕಾಲೇಜಿನ ಮೈದಾನ ತಲುಪಿದಾಗ ದಪ್ಪ ಹನಿಗಳು ಬಿದ್ದವು, ಹಿಂದೆಯೇ ಜೋರು ಮಳೆ. ಸಿಮೆಂಟಿನ ಅಂಕಣ ಕನ್ನಡಿಯಾಯಿತು. ಜಾರುವ ನೆಲದಲ್ಲಿ ಆಡಿಸುವುದಿಲ್ಲವೆಂದು ಧ್ವನಿವರ್ಧಕದಲ್ಲಿ ಹೇಳಿದರು. ಆಟಗಾರ್ತಿಯರನ್ನು ಒಳಗೆ ಕೂರಿಸಿ ಬಾಗಿಲು ಹಾಕಿಕೊಂಡರು. ಒದ್ದೆ ಸೆರಗಿನಲ್ಲಿ ಮುಡಿಪನ್ನು ಮುಚ್ಚಿಕೊಂಡು ಅತ್ತೆ ಮರದ ಕೆಳಗೆ ನಿಂತಿದ್ದರು. ನಾನೇ ಬಲವಂತದಿಂದ ಆಟೋ ಹತ್ತಿಸಿ ಮನೆಗೆ ಕರೆತಂದೆ.

ಊಟದ ಹೊತ್ತಿಗೆ ನಮ್ಮ ಯಜಮಾನರು ತಮಾಷೆ ಮಾಡಿದರು. “ಅಮ್ಮ, ಹಿಂಗೇ ಹಿಂದೆ ಬಿದ್ರೆ ನಿನ್ನೂ ಟೀಮ್ಗೆ ಸೇರಿಸ್ಕಬುಡ್ತಾರೆ. ಆಮೇಲೆ ಮುದ್ದೆ ತಿರುವೋರ್ಯಾರು?”

“ನಿನ್ ಕೈಗೇನ್ ಬಂದದೆ?” ಎಂದರು ಅತ್ತೆ. ಆದರೆ ಮುದ್ದೆ ಅರ್ಧ ಉಳಿಸಿ ಎದ್ದರು. ಕೈ ತೊಳೆಯುತ್ತಾ ನನಗೊಬ್ಬಳಿಗೇ ಕೇಳುವಂತೆ, “ನಾಳೆಗೂ ಆಗ್ನಿಲ್ಲ ಅಂದ್ರೆ ಇದು ನಿನ್ ತಲೆ ಮ್ಯಾಲೆ ಕನವ್ವ. ನಂಗೆ ಇನ್ನೆಷ್ಟ್ ಸಲ ಬಸ್ಸತ್ತಕಾದದು?” ಎಂದರು.

ಭಾನುವಾರ ಹನೂರಿನ ದಾರಿ ತೊಳೆದಿಟ್ಟಂತಿತ್ತು. ಮಧುವನಹಳ್ಳಿ ದಾಟುವಾಗ ನೆಂದ ಮಣ್ಣಿನ ವಾಸನೆ ಬಸ್ಸಿನೊಳಗೆ ತುಂಬಿಕೊಂಡಿತು. ನೇಗಿಲು ಹೂಡಿದವರು ಆಗಲೇ ಹೊಲದಲ್ಲಿದ್ದರು. ಇಪ್ಪತ್ತೈದು ಕಿಲೋಮೀಟರಿನ ದಾರಿಯುದ್ದಕ್ಕೂ ಅತ್ತೆ ಸೆರಗಿನ ಗಂಟನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಹನೂರಿನಲ್ಲಿಳಿದು ಬಿಸಿ ಇಡ್ಲಿ, ಕಾಯಿಚಟ್ನಿ ತಿಂದೆವು. ಹೋಟೆಲಿನವನು ಇನ್ನೆರಡು ತಂದಿಟ್ಟರೂ ಅವರು ಮುಟ್ಟಲಿಲ್ಲ.

ಶಾಲೆಯ ಮೈದಾನದಲ್ಲಿ ಜಾತ್ರೆಯಷ್ಟು ಜನ. ರಾಮಾಪುರದಿಂದ, ಮಾರ್ಟಳ್ಳಿಯಿಂದ ಗೂಡ್ಸ್ ಆಟೋಗಳಲ್ಲಿ ನಿಂತುಕೊಂಡೇ ಬಂದಿದ್ದರು. ಹೆಂಗಸರ ಸಾಲಿನಲ್ಲಿ ರಾಮಾಪುರದವರೊಬ್ಬರು ಜರುಗಿ ಅತ್ತೆಗೆ ಜಾಗ ಮಾಡಿಕೊಟ್ಟರು. “ಬಾ ಕೂತ್ಕಳಕ್ಕ. ನಿನ್ ಮೊಮ್ಮಗ್ಳು ಆಡ್ತಾವ್ಳಾ?” ಎಂದು ಕೇಳಿದರು.

“ಊಂ ಕನ್ರವ್ವ. ಅಗೋ, ಹನ್ನೊಂದು” ಎಂದುಬಿಟ್ಟರು ಅತ್ತೆ. ನಾನು ತಲೆ ತಗ್ಗಿಸಿ ನಗು ನುಂಗಿಕೊಂಡೆ.

ಅಂದು, ತನ್ನ ಸೀಮೆಯ ಜನರೆದುರು, ಮೇರಿ ಹಸಿರು ಬನಿಯನ್ ತೊಟ್ಟು ಆಡಲು ಇಳಿದಳು. ಮೊದಲು ಹೆಜ್ಜೆ ಅಳೆದು ಇಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಇಬ್ಬರ ನಡುವೆ ನುಗ್ಗಿ ಹಾರಿ ಚೆಂಡು ಹಾಕಿ ಇಳಿದಳು. ಇಳಿದ ಮೇಲೆ ಒಂದು ಕ್ಷಣ ತನ್ನ ಮಂಡಿಯನ್ನೇ ನೋಡಿಕೊಂಡಳು. ಅತ್ತೆ ನನ್ನ ಮೊಣಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಮನೆಗೆ ಬಂದ ಮೇಲೂ ಬೆರಳಿನ ಗುರುತಿತ್ತು. “ವಾಸಿಯಾಗದೆ ಮಂಜು, ವಾಸಿಯಾಗದೆ” ಎನ್ನುತ್ತಿದ್ದರು.

ಕೊನೆಯ ಗಳಿಗೆ. ಹಸಿರಿನವರು ಎರಡು ಪಾಯಿಂಟು ಹಿಂದಿದ್ದರು. ಚೆಂಡೆಸೆಯುವಾಗ ಯಾರೋ ಮೇರಿಯ ಕೈಗೆ ಹೊಡೆದರು. ರೆಫರಿ ಸೀಟಿ ಊದಿ ಎರಡು ಫ್ರೀ ಥ್ರೋ ಕೊಟ್ಟರು. ಅಂದರೆ ಗೆರೆಯ ಹಿಂದೆ ನಿಂತು, ಯಾರೂ ಅಡ್ಡ ಬಾರದಂತೆ, ಎರಡು ಸಲ ಎಸೆಯುವ ಅವಕಾಶ. ಒಂದೊಂದಕ್ಕೆ ಒಂದೊಂದು ಪಾಯಿಂಟು. ಎರಡೂ ಬಿದ್ದರೆ ಸಮ.

ಫ್ರೀ ಥ್ರೋ ಹೊತ್ತಿನಲ್ಲಿ ನಮ್ಮ ಸಿಸ್ಟರು ತುಟಿಯ ಮೇಲೆ ಬೆರಳಿಡುತ್ತಿದ್ದರು. ನಮ್ಮವರು ಎಸೆಯುವಾಗ ನಾವು ಉಸಿರು ಬಿಡಬಾರದು. ಗದ್ದಲ ಮಾಡುವುದು ಎದುರಾಳಿ ಎಸೆಯುವಾಗ. ಫೋನಿನಲ್ಲಿ ಆ ಗದ್ದಲವೆಲ್ಲ ಒಂದೇ ಆಗಿ ಕೇಳುತ್ತಿತ್ತು. ಅತ್ತೆಗೆ ಇದನ್ನು ಹೇಳಿಕೊಡಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಮೇರಿ ಚೆಂಡನ್ನು ಎರಡು ಸಲ ಪುಟಿಸಿ, ತಲೆಯ ಮೇಲೆತ್ತಿದಳು. ಆಗ ನನ್ನ ಪಕ್ಕದಿಂದಲೇ ಎದ್ದಿತು ಕೂಗು:

“ಉಘೇ ಮಾದಪ್ಪಾ!”

ಆ ಸೀಮೆಯಲ್ಲಿ ಅದಕ್ಕೆ ಮಾರ್ದನಿ ಕೊಡದೆ ಯಾರಾದರೂ ಇರುತ್ತಾರೆಯೇ? ಇಡೀ ಮೈದಾನ “ಉಘೇ! ಉಘೇ!” ಎಂದಿತು. ಮರದ ಕಾಗೆಗಳೆಲ್ಲ ಎದ್ದು ಹಾರಿದವು. ಚೆಂಡು ಕಬ್ಬಿಣದ ಬಳೆಗೆ ಬಡಿದು ಆಚೆ ಬಿತ್ತು.

ಮೇರಿ ಬೆಚ್ಚಿ ನಮ್ಮತ್ತ ತಿರುಗಿದಳು. ನಾನು ಅತ್ತೆಯ ಕಿವಿಯಲ್ಲಿ, “ಅತ್ತೆ, ನಮ್ಮವ್ರು ಹಾಕುವಾಗ ಸುಮ್ಮನಿರಬೇಕು. ಕೂಗಿದ್ರೆ ಕೈ ತಪ್ಪುತ್ತೆ” ಎಂದೆ. ಅವರ ಮುಖ ಬಿಳಿಚಿಕೊಂಡಿತು. ಮರುಗಳಿಗೆ ಕೋಲೂರಿ ಎದ್ದು ನಿಂತು ಜನಕ್ಕೆ ಗದರಿದರು.

“ಏಯ್, ಸುಮ್ಕಿರ್ರಲಾ! ಉಸುರ್ ಬುಡ್ಬೇಡಿ!”

ಮೈದಾನ ಗಪ್‌ಚುಪ್ಪಾಯಿತು. ಎಲ್ಲೋ ರೊಟ್ಟಿ ತಟ್ಟುವ ಸದ್ದು ಕೇಳಿಸಿತು. ಎರಡನೆಯ ಚೆಂಡು ಬುಟ್ಟಿಯೊಳಗೆ ಬಿತ್ತು. ಅಷ್ಟಕ್ಕೇ ಸಮಯ ಮುಗಿದು, ಹಸಿರಿನವರು ಒಂದೇ ಒಂದು ಪಾಯಿಂಟಿನಿಂದ ಸೋತರು.

ಅತ್ತೆ ಕೂತಲ್ಲಿಂದ ಏಳಲಿಲ್ಲ. ಜನ ಕರಗುತ್ತಾ ಬಂದರು. ತಂಡ ಅಲ್ಲೇ, ಹತ್ತಿರದಲ್ಲೇ ನೀರು ಕುಡಿಯುತ್ತಾ ನಿಂತಿತ್ತು. ಎರಡು ದಿನ ಯಾವ ಗಳಿಗೆಗಾಗಿ ಅಲೆದಿದ್ದೆವೋ ಆ ಗಳಿಗೆ ಅದು.

“ಏಳಿ ಅತ್ತೆ, ಹೋಗೋಣ.”

“ಯಾವ್ ಮಕ ಒತ್ಕಂಡು ಓಗ್ಲಿ ಮಂಜು? ಆ ಮಗಾ ಎಲ್ಡು ವರ್ಸಕ್ಕೆ ಎದ್ದು ಬಂದು ಆಡುದ್ಲು. ಬಾಯಿ ಬುಟ್ಟು ಸೋಲುಸ್ಬುಟ್ಟೆ. ನಡಿ, ಬಸ್ಸಿಗೋಗವ.”

ಹೊರಡಲು ಅವರನ್ನು ಎಬ್ಬಿಸುತ್ತಿದ್ದೆ. ಆಗ ನಮ್ಮ ಮುಂದೆ ಒಂದು ಉದ್ದ ನೆರಳು ಬಿತ್ತು. ಮೇರಿ ನಿಂತಿದ್ದಳು, ಹೆಗಲ ಮೇಲೆ ಟವೆಲ್ಲು, ಕತ್ತಿನಲ್ಲಿ ಒಂದು ಸಣ್ಣ ಶಿಲುಬೆ.

“ಉಘೇ ಅಂದ ಪಾಟಿ ನೀವೇ ಅಲ್ವಾ?” ಎಂದಳು. ಪಾಟಿ ಅಂದರೆ ಅವರ ಮನೆಮಾತಿನಲ್ಲಿ ಅಜ್ಜಿ. “ಎಷ್ಟೋ ಸ್ಟೇಡಿಯಂನಲ್ಲಿ ಆಡಿದೀನಿ, ಇಂಥ ಸೌಂಡ್ ಕೇಳೇ ಇಲ್ಲ ಪಾಟಿ. ಮೈಯೆಲ್ಲ ಜುಂ ಅಂತು!”

“ತಪ್ಪಾಯ್ತು ಕನವ್ವ, ನಿನ್ ಕೈ ತಪ್ಪುಸ್ಬುಟ್ಟೆ.”

“ಅಯ್ಯೋ ಬಿಡಿ. ಕೂಗಿದ್ರೆ ತಪ್ಪೋ ಕೈ ನಂದು. ಅದನ್ನ ನಾನ್ ಸರಿಮಾಡ್ಕೋಬೇಕು.”

ಅತ್ತೆ ನನ್ನತ್ತ ನೋಡಿದರು. ನಾನು ಆ ಶಿಲುಬೆಯನ್ನು ನೋಡುತ್ತಿದ್ದೆ. ಮಾದಪ್ಪನ ಮುಡಿಪನ್ನು ಮುಟ್ಟು ಎಂದರೆ ಈ ಹುಡುಗಿಗೆ ಮುಜುಗರವಾದೀತೇ ಎಂಬ ಅಳುಕು ನನಗೆ ಮನೆಯಿಂದಲೇ ಇತ್ತು, ಅತ್ತೆಗೆ ಹೇಳಿರಲಿಲ್ಲ. ಅತ್ತೆ ಸೆರಗಿನ ಗಂಟು ಬಿಚ್ಚಿದರು. ಬಸ್ ಟಿಕೆಟು ಕೆಳಗೆ ಬಿತ್ತು. ಮಾಸಿದ ಮುಡಿಪನ್ನು ಅಂಗೈಯಲ್ಲಿಟ್ಟು, ಸೊಂಟ ಮುರಿದದ್ದು, ಫೋನಿನಲ್ಲಿ ನೋಡಿದ್ದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದರು. “ಒಂದ್ಸಲ ಕೈ ಮುಟ್ಟುಸವ್ವ, ಸಾಕು.”

ಮೇರಿ ಬಗ್ಗಿ, ಕಪ್ಪು ಪಟ್ಟಿಯನ್ನು ಕೆಳಗೆ ಸರಿಸಿದಳು. ಮಂಡಿಯ ಮೇಲೆ ಉದ್ದನೆಯ ಹೊಲಿಗೆಯ ಗುರುತು. ಮುಡಿಪನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ನೇರ ಆ ಗುರುತಿನ ಮೇಲೆ ಒತ್ತಿಟ್ಟುಕೊಂಡಳು.

“ನಮ್ಮಮ್ಮ ಚರ್ಚಲ್ಲಿ ಹರಕೆಗೆ ಅಂತ ಮೇಣದಲ್ಲಿ ಮಾಡಿದ ಮಂಡಿ ಇಟ್ಟಿದಾಳೆ ಪಾಟಿ. ನಂಗೋಸ್ಕರ ಮನೆಯವರು ಮಾತ್ರ ಬೇಡ್ಕೊಂಡಿದಾರೆ ಅನ್ಕೊಂಡಿದ್ದೆ” ಎಂದಳು. ಅವಳ ಕಣ್ಣು ತುಂಬಿತ್ತು.

“ಮೇಣದ್ದಾ? ಬಿಸ್ಲಿಗೆ ಕರಗಲ್ವಾ?”

ಮೇರಿ ಅಳುತ್ತಲೇ ನಕ್ಕಳು.

ಬಸ್ಸು ಹೊರಡುವ ಹೊತ್ತಿಗೆ ಬಿಸಿಲು ಏರಿತ್ತು. ಮುಡಿಪನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಅತ್ತೆ ಕಿಟಕಿಯ ಪಕ್ಕ ಕೂತರು. ಮಾದಪ್ಪನ ಬೆಟ್ಟಕ್ಕೆ ಹೋಗಲು ಮುಂದಿನ ಸೋಮವಾರವೇ ಆಗಬಹುದೆಂದು ಲೆಕ್ಕ ಹಾಕುತ್ತಿದ್ದರು. ಬಸ್ಸು ಶಾಲೆಯ ಕಾಂಪೌಂಡಿನ ಪಕ್ಕ ನಿಧಾನವಾದಾಗ ನಾನು ತಿರುಗಿ ನೋಡಿದೆ. ಮೇರಿ ಒಬ್ಬಳೇ ಫ್ರೀ ಥ್ರೋ ಗೆರೆಯ ಹಿಂದೆ ಚೆಂಡು ಹಿಡಿದು ನಿಂತಿದ್ದಳು. ಬುಟ್ಟಿಯ ಕೆಳಗೆ ಶಾಲೆಯ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿದ್ದಳು. ಅವಳು ಕೈಯೆತ್ತಿದಾಗ ಅವರೆಲ್ಲ ಒಟ್ಟಿಗೆ “ಉಘೇ! ಉಘೇ!” ಎಂದು ಕೂಗಿದರು.

“ಬಿತ್ತಾ ಮಂಜು?” ಎಂದು ಅತ್ತೆ ಕೇಳಿದರು. ಅಷ್ಟು ದೂರಕ್ಕೆ ಅವರ ಕಣ್ಣು ಹೋಗುವುದಿಲ್ಲ.

ಹೇಳುವಷ್ಟರಲ್ಲಿ ಬಸ್ಸು ತಿರುವಿನಲ್ಲಿ ತಿರುಗಿ ಮೈದಾನ ಮರೆಯಾಯಿತು. ಹಿಂದಿನಿಂದ ಮಕ್ಕಳ ಕೇಕೆ ಮತ್ತು ಚಪ್ಪಾಳೆ ತೇಲಿಬಂತು.

“ಬಿತ್ತು ಕನವ್ವ” ಎಂದು ಅತ್ತೆಯೇ ಹೇಳಿ, ಖಾಲಿ ನೀರಿನ ಬಾಟಲಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತಮ್ಮ ಮಡಿಲಲ್ಲಿಟ್ಟುಕೊಂಡರು.