ಎತ್ವ ಹೋಗಿ ಗುಡಿಸು ಬಂದದ್ದು

ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿರುವ ವಿಜಯಲಕ್ಷ್ಮಿಯ ಡಿಟಿಪಿ ಅಂಗಡಿಗೆ ಬರುವವರಲ್ಲಿ ಎರಡು ಥರ. ಲಗ್ನಪತ್ರಿಕೆ, ಕರಾರುಪತ್ರ, ಮನೆಶಾಂತಿಯ ಆಮಂತ್ರಣ ಹೊಡೆಸಲು ಬರುವವರು ಕೆಲಸ ಮುಗಿದ ಕೂಡಲೇ ಎದ್ದು ಹೋಗುತ್ತಾರೆ. ಕಥೆ ಕಾದಂಬರಿ ಬರೆಯುವವರು ಏಳುವುದೇ ಇಲ್ಲ. ಕೈಬರಹದ ಕಟ್ಟನ್ನು ಅವಳ ಕೈಗಿಟ್ಟು, ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು, ಹೆಣ್ಣು ನೋಡಲು ಬಂದವರ ಹಾಗೆ ಅವಳ ಮುಖವನ್ನೇ ನೋಡುತ್ತ ಕೂರುತ್ತಾರೆ. ನಾನೂ ಅವರಲ್ಲೊಬ್ಬಳು. ದೇವದುರ್ಗದ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ, ಮಕ್ಕಳ ಕಥೆ ಬರೆಯುತ್ತೇನೆ, ಶನಿವಾರ ಮುಂಜಾನೆಯ ಶಾಲೆ ಮುಗಿದ ಮೇಲೆ ಬಸ್ಸು ಹತ್ತಿ ಅವಳ ಅಂಗಡಿಗೆ ಬಂದು ಕೂರುತ್ತೇನೆ.

ಮುಖ ನೋಡಿ ಏನೂ ತಿಳಿಯುವುದಿಲ್ಲ. ಕಥೆ ಚೆನ್ನಾಗಿದೆ ಎಂದಾಗಲಿ ಇಲ್ಲ ಎಂದಾಗಲಿ ವಿಜಯಕ್ಕ ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ತಿಳಿಯುವುದು ಚಾದಿಂದ. ಎದುರಿನ ಹೋಟೆಲಿನಿಂದ ಬಂದ ಚಾವನ್ನು ಅವಳು ಬಿಸಿ ಇರುವಾಗಲೇ ಕುಡಿದು ಮುಗಿಸಿದರೆ ನಿಮ್ಮ ಕಥೆ ಸಪ್ಪೆ. ಚಾ ಅಲ್ಲೇ ಉಳಿದು, ಆರಿ, ಮೇಲೆ ಕೆನೆ ಕಟ್ಟಿತೋ, ನೀವು ಗೆದ್ದಿರಿ. ನನ್ನ ಮೊದಲ ಕಥೆ ಹೊಡೆಯುವಾಗ ಅವಳು ಎರಡು ಕಪ್ಪು ಕುಡಿದಳು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಕುರ್ಡಿ ಎಂಬ ಹಳ್ಳಿಯಲ್ಲಿ ಹುಟ್ಟಿ, ಮಾನ್ವಿಯಲ್ಲಿ ಪಿಯುಸಿ ಓದಿ, ರಾಯಚೂರಿಗೆ ಸೊಸೆಯಾಗಿ ಬಂದವಳು ವಿಜಯಕ್ಕ. ಹದಿನೆಂಟು ವರ್ಷದಿಂದ ಇದೇ ಕೆಲಸ. ಜಿಲ್ಲೆಯಲ್ಲಿ ಯಾರು ಏನು ಹೊಸತು ಬರೆದರೂ ಮೊದಲು ಓದುವವಳು ಇವಳೇ. ಸಿರವಾರದ ಅಕ್ಕಿ ಗಿರಣಿಯ ಪಂಪಾಪತಿ ಸಾಹುಕಾರರು ಬರೆಯುವುದು ಪ್ರೇಮಕಾದಂಬರಿ. ಅದರಲ್ಲಿ ಅಧ್ಯಾಯಕ್ಕೊಮ್ಮೆ ಮಳೆ ಬಂದು ಹುಡುಗ ಹುಡುಗಿ ಒಂದೇ ಕೊಡೆಯ ಕೆಳಗೆ ಸೇರುತ್ತಾರೆ. ರಾಯಚೂರಾಗ ಇಷ್ಟು ಮಳಿ ಎಲ್ಲಿ ಅದರೀ ಎಂದು ಕೇಳಿ ಅವರನ್ನು ಒಂದು ತಿಂಗಳು ಮೌನಕ್ಕೆ ತಳ್ಳಿದವಳು ಇವಳು. ಕಾಲೇಜು ಹುಡುಗ ಮಲ್ಲೇಶನದು ಮಾಯಾಲೋಕದ ಕಥೆ. ಕೃಷ್ಣಾ ನದಿಯ ಮಡುವಿನ ಕೆಳಗೊಂದು ರಾಜ್ಯ, ಅಲ್ಲಿ ಮೊಸಳೆಗಳೇ ಮಂತ್ರಿಗಳು. ಎರಡನೆಯ ಅಧ್ಯಾಯದಲ್ಲಿ ಕುರುಡಿಯಾದ ರಾಣಿ ಒಂಬತ್ತನೆಯದರಲ್ಲಿ ಪತ್ರ ಓದುತ್ತಿದ್ದಳಂತೆ. ವಿಜಯಕ್ಕ ಫೋನು ಮಾಡಿ, ರಾಣಿಗೆ ಕಣ್ಣು ಯಾವಾಗ ಬಂತಪ್ಪಾ ಎಂದು ವಿಚಾರಿಸಿದಳು. ಬಾಲ ಕಳೆದುಕೊಂಡ ನರಿಮರಿಯ ನನ್ನ ಕಥೆಗೆ ಅವಳು ಕೇಳಿದ್ದು ಒಂದೇ ಪ್ರಶ್ನೆ: ಮರಿ ಇಷ್ಟು ದಿನ ಅಲೆಯುತ್ತಿದ್ದರೆ ಅದರ ಅವ್ವ ಏನು ಮಾಡುತ್ತಿದ್ದಳು? ಊರಿಗೆ ಹೋಗಿ ಇಡೀ ಕಥೆ ತಿರುಗಿ ಬರೆದೆ.

ಇಷ್ಟೆಲ್ಲ ಮಾಡಿದವಳ ಹೆಸರು ಪುಸ್ತಕದ ಎರಡನೆಯ ಪುಟದಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬರುತ್ತದೆ. ಅಕ್ಷರ ಜೋಡಣೆ: ವಿಜಯಲಕ್ಷ್ಮಿ. ಅಚ್ಚಾದ ಪುಸ್ತಕವನ್ನು ತಂದುಕೊಡಲು ಅರ್ಧ ಜನ ಮರೆಯುತ್ತಾರೆ, ನಾಚಿಕೆಗೇಡಿಗಳು.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಮಾನ್ವಿಯಿಂದ ಗೋಪಾಲಕೃಷ್ಣ ಮಾಸ್ತರರು ಬಂದರು. ಮೂವತ್ನಾಲ್ಕು ವರ್ಷ ಕನ್ನಡ ಕಲಿಸಿ ನಿವೃತ್ತರಾದವರು. ಎಂಟು ವರ್ಷ ಕೂತು ಒಂದು ಸಂಸಾರದ ಕಾದಂಬರಿ ಬರೆದಿದ್ದರು. ಅದರ ನಾಯಕಿ ರುಕ್ಮಿಣಿ ಎಂದರೆ ಬೇರೆ ಯಾರೂ ಅಲ್ಲ, ಅವರ ಹೆಂಡತಿ ಅನಸೂಯಾಬಾಯಿ. ಮಾಸ್ತರರು ಹಿಂದೆ ಬರೆದ ಒಂದು ಕವಿತೆಯನ್ನೂ ಆಕೆ ಕೂತು ಕೇಳಿದವರಲ್ಲವಂತೆ. ಓದಲು ಶುರು ಮಾಡಿದರೆ ಒಲೆಯ ಮೇಲೆ ಏನೋ ಉಕ್ಕುತ್ತಿರುತ್ತಿತ್ತಂತೆ. ಕಟ್ಟನ್ನು ಮೇಜಿನ ಮೇಲಿಡುವಾಗ ಮಾಸ್ತರರು ಹೇಳಿದರು, "ಮಂದಿ ಓದಲಿ ಬಿಡಲಿ, ತಂಗಿ. ಇದೊಂದು ಅಕಿ ಪೂರಾ ಕೇಳಬೇಕು, ಅಷ್ಟ ನನಗ ಬೇಕಾಗಿರೂದು."

ಅದೇ ಹೊತ್ತಿಗೆ ವಿಜಯಕ್ಕನ ತಾಯಿ ಚನ್ನಮಲ್ಲಮ್ಮ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಕುರ್ಡಿಯಿಂದ ಬಂದಿದ್ದರು. ಕಪ್ಪು ಕನ್ನಡಕ ಹಾಕಿಕೊಂಡು ಹದಿನೈದು ದಿನ ಅಂಗಡಿಯಲ್ಲೇ, ಮಗಳ ಬಾಜೂಕ್ಕೆ ಕೂತರು. ಸುಮ್ಮನೆ ಕೂತು ಕೂತು ಬೇಜಾರಾಗಿ, ಅದೇನು ಹೊಡೆಯುತ್ತಿದ್ದೀಯೋ ಬಾಯಿಬಿಟ್ಟು ಓದು, ನಾನೂ ಕೇಳುತ್ತೇನೆ ಎಂದರು. ವಿಜಯಕ್ಕ ಓದುತ್ತ ಹೊಡೆದಳು. ಹೆತ್ತ ತಾಯಿಗೆ ಯಾರಾದರೂ ಪುಸ್ತಕದ ಕನ್ನಡದಲ್ಲಿ ಕಥೆ ಹೇಳುತ್ತಾರೆಯೇ? ಮಾಸ್ತರರು 'ಮನೆಗೆ ಹೋಗುತ್ತೇನೆ' ಎಂದು ಬರೆದದ್ದು ಅವಳ ಬಾಯಲ್ಲಿ 'ಮನಿಗಿ ಹೋಗ್ತೀನಿ' ಆಗಿ ಬಂತು. ಬಾಯಿ ಹೋದ ದಾರಿಯಲ್ಲಿ ಬೆರಳೂ ಹೋದವು. ಪಾತ್ರಗಳು ಮಾತಾಡುವ ಕಡೆ ಎತ್ವ ಹೋಗಿ ಗುಡಿಸು ಬಂದು ಕೂತಿತು. ಅವಳಿಗೆ ಅದು ತಿಳಿಯಲೂ ಇಲ್ಲ. ಚನ್ನಮಲ್ಲಮ್ಮ ಮಾತ್ರ, ಪಾಪ ರುಕ್ಮಿಣಿ, ಪಾಪ ರುಕ್ಮಿಣಿ ಎನ್ನುತ್ತ ಕನ್ನಡಕದೊಳಗೇ ಕಣ್ಣೀರು ಹಾಕಿ ವೈದ್ಯರಿಂದ ಬೈಸಿಕೊಂಡರು.

ಒಂದು ಶನಿವಾರ, ತಿದ್ದುಪಡಿಗೆಂದು ಮಾನ್ವಿಗೆ ಹೋಗಿದ್ದ ಪ್ರತಿ ಮಾಸ್ತರರ ಕಂಕುಳಲ್ಲಿ ತಿರುಗಿ ಬಂತು. ನಾನು ಅಲ್ಲೇ ಇದ್ದೆ. ಪುಟಪುಟಕ್ಕೂ ಕೆಂಪು ಶಾಯಿ. ಇನ್ನೂರ ಹದಿನಾರು ತಪ್ಪುಗಳಿದ್ದವು. ಮಾಸ್ತರರು ಎಣಿಸಿ ಕೊನೆಯ ಪುಟದಲ್ಲಿ ಬರೆದಿದ್ದರು, ಪರೀಕ್ಷೆಯ ಪೇಪರಿನಂತೆ.

"ಹುಡುಗೂರಿಗಿ ಬಡಿದು ಬಡಿದು ಬಿಡಿಸಿದ ತಪ್ಪು ಇವು," ಅಂದರು. "ಎಲ್ಲಾ ತಂದು ನನ್ನ ಪುಸ್ತಕದಾಗ ಇಟ್ಟೀಯಲ್ಲ."

ಬೈದದ್ದು ಮಾತ್ರ ಅಪ್ಪಟ ಮಾನ್ವಿಯ ಮಾತಿನಲ್ಲಿ. ಅದನ್ನು ಅವರಿಗೆ ಎತ್ತಿ ತೋರಿಸಬೇಕೆಂದು ನನ್ನ ನಾಲಿಗೆ ತುದಿಗೆ ಬಂದಿತ್ತು. ವಿಜಯಕ್ಕ ತಲೆ ತಗ್ಗಿಸಿ ಕೂತದ್ದು ನೋಡಿ ನುಂಗಿಕೊಂಡೆ. ಅವಳು ಎರಡು ದಿನದಲ್ಲಿ ಎಲ್ಲವನ್ನೂ ತಿದ್ದಿದಳು. ತಿದ್ದಿದ್ದನ್ನು ಅದೇ ಕಡತದ ಮೇಲೆ ಉಳಿಸಿದಳು, ಹಾಗಾಗಿ ಹಳೆಯದು ಅಳಿಸಿಹೋಯಿತು. ಹೊಸ ಪ್ರತಿ ತೆಗೆದುಕೊಂಡು, ಕೆಂಪು ಶಾಯಿಯ ಪ್ರತಿಯನ್ನೂ ಜೊತೆಗಿಟ್ಟುಕೊಂಡು ಮಾಸ್ತರರು ಊರಿಗೆ ಹೋದರು.

ಮುಂದಿನ ವಾರ ಅವರ ಫೋನು. ದನಿ ಇಳಿದಿತ್ತು. ಆ ತಪ್ಪಿನ ಪ್ರತಿ ಕಂಪ್ಯೂಟರಿನಲ್ಲಿ ಇದೆಯೇ ಎಂದು ಕೇಳಿದರು.

ನಡೆದದ್ದು ಇಷ್ಟು. ತಪ್ಪು ಹುಡುಕುವಾಗ ಮಾಸ್ತರರು ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ಬತ್ತಿ ಹೊಸೆಯುತ್ತ ಕೂತಿದ್ದ ಅನಸೂಯಾಬಾಯಿ ಕೇಳುತ್ತಿದ್ದರು. ಒಂದೆರಡು ಕಡೆ ನಕ್ಕರಂತೆ, ಒಂದು ಕಡೆ ಸೆರಗಿನಿಂದ ಮೂಗು ಒರೆಸಿಕೊಂಡರಂತೆ. ಮಾಸ್ತರರಿಗೆ ತಪ್ಪಿನ ಸಿಟ್ಟಿನಲ್ಲಿ ಅದು ಕಾಣಲಿಲ್ಲ. ಆಮೇಲೆ ಶುದ್ಧ ಪ್ರತಿ ತಂದು, ಸ್ನಾನ ಮಾಡಿ ಬಂದು, ಹೆಂಡತಿಯನ್ನು ಎದುರು ಕೂಡಿಸಿಕೊಂಡು ಓದತೊಡಗಿದರು. ಎರಡನೆಯ ಅಧ್ಯಾಯಕ್ಕೆ ಆಕೆ ಎದ್ದರು. ಇದು ಬೇಡ, ಮೊದಲಿನದು ಓದಿರಿ, ಅದರಲ್ಲಿ ರುಕ್ಮಿಣಿ ಮಾತಾಡುತ್ತಿದ್ದಳು ಎಂದರಂತೆ. ಕೆಂಪು ಶಾಯಿಯ ಪ್ರತಿಯನ್ನು ಎತ್ತಿಕೊಂಡು ಹೋಗಿ ಬತ್ತಿಯ ಬುಟ್ಟಿಯ ಕೆಳಗೆ ಇಟ್ಟುಕೊಂಡುಬಿಟ್ಟರು. ಅದನ್ನು ರಾಯಚೂರಿಗೆ ಕಳಿಸಲೂ ಒಪ್ಪಲಿಲ್ಲ. ಬೇಕಾದವರು ಇಲ್ಲಿಗೇ ಬರಲಿ ಎಂದರು.

ಮಾಸ್ತರರಿಗೆ ಈಗ ಆ ತಪ್ಪಿನ ಪ್ರತಿಯೇ ಅಚ್ಚಾಗಬೇಕಿತ್ತು; ವಿಜಯಕ್ಕ ಮೊದಲು ಆ ತಪ್ಪುಗಳನ್ನು ತಾನೇ ಮತ್ತೆ ಹೊಡೆಯಲು ನೋಡಿದಳು. ಆಗಲಿಲ್ಲ. ಚನ್ನಮಲ್ಲಮ್ಮ ಕುರ್ಡಿಗೆ ಹೋಗಿದ್ದರು, ಬಾಜೂದ ಕುರ್ಚಿ ಖಾಲಿ ಇತ್ತು, ಬೇಕೆಂದು ತಪ್ಪು ಮಾಡಲು ಹೋದರೆ ಬೆರಳು ಒಲ್ಲೆ ಎಂದವು. ಕೊನೆಗೆ ಲ್ಯಾಪ್‌ಟಾಪು ಚೀಲದಲ್ಲಿಟ್ಟುಕೊಂಡು ಮಾನ್ವಿಗೆ ಹೊರಟಳು. ಮಾಸ್ತರರ ಎದುರು ತನಗೆ ಬಾಯಿ ಬರುವುದಿಲ್ಲ, ಟೀಚರ್ ನೀವೂ ಬರ್ರಿ ಎಂದು ನನ್ನನ್ನೂ ಎಳೆದುಕೊಂಡು ಹೋದಳು.

ನಡುಮನೆಯಲ್ಲಿ ಚಾಪೆ ಹಾಸಿತ್ತು. ಅನಸೂಯಾಬಾಯಿ ಎಪ್ಪತ್ತು ದಾಟಿದ, ಸಣ್ಣ ಆಕಾರದ ಹೆಂಗಸು. ವಿಜಯಕ್ಕನನ್ನು ಮೇಲಿಂದ ಕೆಳಗೆ ನೋಡಿ, ಕೈ ಹಿಡಿದು ಪಕ್ಕಕ್ಕೆ ಕೂಡಿಸಿಕೊಂಡರು.

"ಮಾಡುತ್ತಿದ್ದೇನೆ ಅನ್ನೂದಕ್ಕ ನಮ್ಮ ಮನ್ಯಾಗ ಮಾಡ್ಲಿಕ್ಕತ್ತೀನಿ ಅಂತೀವಿ. ನೀ ಮಾಡಾಕತ್ತೀನಿ ಅಂತ ಹೊಡದಿ," ಅಂದರು. "ಇರಲಿ. ನಾ ಹುಟ್ಟಿದ್ದು ಬಾಗಲವಾಡದಾಗ. ಬಾಜೂ ಮನಿ ಹುಡುಗ್ಯಾರ ಕೂಡ ಆಡುವಾಗ ನಾನೂ ನಿನ್ನಂಗ ಅಂತಿದ್ದೆ."

ಆಮೇಲೆ ಆಕೆ ಓದುವುದು, ಇವಳು ಹೊಡೆಯುವುದು. ಎಲ್ಲಿ ಕೆಂಪು ಗೆರೆ ಇತ್ತೋ ಅಲ್ಲಿ ತಿದ್ದಿದ್ದನ್ನು ಬಿಟ್ಟು ತಪ್ಪನ್ನೇ ಓದಿದರು. ಹೆಂಡತಿಗೆ ಮೆಚ್ಚುಗೆಯಾದದ್ದನ್ನು ಹುಡುಕಲು ಮಾಸ್ತರರದೇ ಕೆಂಪು ಗೆರೆ ಗುರುತಾಯಿತು. ವಿಜಯಕ್ಕನ ಬೆರಳುಗಳಿಗೆ ಮತ್ತೆ ಜೀವ ಬಂತು. ಮಾಸ್ತರರು ತಾವೇ ಚಾ ಮಾಡಿ ತಂದು ನಮ್ಮ ಮುಂದಿಟ್ಟು, ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತರು. ಹೆಂಡತಿ ತಮ್ಮ ಕಾದಂಬರಿಯನ್ನು ಓದುತ್ತಿರುವುದನ್ನು ಕೇಳುವಾಗ ಅವರ ಮುಖ ಎಷ್ಟು ಎಳೆಯದಾಗಿತ್ತೆಂದರೆ, ಅವರ ಮೇಲಿದ್ದ ನನ್ನ ಸಿಟ್ಟೆಲ್ಲ ಹೋಯಿತು.

ಹನ್ನೊಂದನೆಯ ಅಧ್ಯಾಯ. ಮದುವೆಯಾಗಿ ಬಂದ ರುಕ್ಮಿಣಿ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕಟ್ಟಿರುತ್ತಾಳೆ. ಹಾಲ್ ಟಿಕೀಟು ಬಂದಿರುತ್ತದೆ. ಅಷ್ಟರಲ್ಲಿ ಅತ್ತೆ ಹಾಸಿಗೆ ಹಿಡಿಯುತ್ತಾರೆ. ಪರೀಕ್ಷೆ ಮುಂದಿನ ವರ್ಷ ನೋಡೋಣ ಎಂದು ಗಂಡ ಹಾಲ್ ಟಿಕೀಟನ್ನು ಪಂಚಾಂಗದೊಳಗೆ ಇಡುತ್ತಾನೆ. ಅನಸೂಯಾಬಾಯಿ ಓದಿದರು: ರುಕ್ಮಿಣಿ ಮುಗುಳ್ನಕ್ಕು, 'ನನಗೇನೂ ಬೇಸರವಿಲ್ಲ. ನಿಮ್ಮ ಸಂತೋಷವೇ ನನ್ನ ಸಂತೋಷವಲ್ಲವೇ' ಎಂದಳು.

ಓದಿ ನಿಲ್ಲಿಸಿದರು. ಆ ಸಾಲಿನ ಸುತ್ತಮುತ್ತ ಎಲ್ಲ ಕಡೆ ಕೆಂಪು ಇತ್ತು. ಆ ಸಾಲಿಗೆ ಮಾತ್ರ ಇರಲಿಲ್ಲ.

"ಇಲ್ಲಿ ಯಾಕ ತಪ್ಪು ಮಾಡಿಲ್ಲ ನೀ?" ಎಂದು ವಿಜಯಕ್ಕನನ್ನು ಕೇಳಿದರು.

ವಿಜಯಕ್ಕ ಬಗ್ಗಿ ಆ ಸಾಲು ನೋಡಿದಳು. "ಅವ್ವಗ ಓದಿ ಹೇಳುವಾಗ ಈ ಮಾತು ನಮ್ಮ ಬಾಯಾಗ ಬರಲಿಲ್ರಿ, ಬಾಯಾರ. ಹೆಂಗ ತಿರಿಗಿಸಿದ್ರೂ ಬರಲಿಲ್ಲ. ಮಾಸ್ತರ್ರು ಬರೆದದ್ದು ಇದ್ದಂಗ ಓದಿಬಿಟ್ಟೆ."

"ಬರೂದಿಲ್ಲ," ಅಂದರು ಅನಸೂಯಾಬಾಯಿ. "ನಾ ಅಂದಿದ್ರ ಬರ್ತಿತ್ತು."

ಬಾಗಿಲಲ್ಲಿದ್ದ ಮಾಸ್ತರರು ಸ್ಟೂಲಿನಿಂದ ಎದ್ದರು. ಹಾಗಾದರೆ ಅವತ್ತು ನೀನು ಏನು ಹೇಳಿದ್ದೆ ಎಂದು ಕೇಳಿದರು. ತಮಗೆ ನೆನಪಿರುವುದು ಇದೇ, ನೀನು ನಕ್ಕಿದ್ದೆ ಎಂದರು.

"ಏನೂ ಅನ್ಲಿಲ್ಲ. ಅತ್ತಿಯವರಿಗೆ ಗಂಜಿ ಕಾಸಲಿಕ್ಕೆ ಒಳಗ ಹೋದೆ. ನೀವು ಕೇಳಿದ್ದಿಲ್ಲಲ್ಲ."

ಆ ದನಿಯಲ್ಲಿ ದೂರು ಇರಲಿಲ್ಲ. ಹೊಸೆದ ಬತ್ತಿಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದರು. ಐವತ್ತು ವರ್ಷದ ಸಂಸಾರದ ನಡುವೆ ನಾನೇಕೆ ಬಂದು ಕೂತೆನಪ್ಪಾ ಅನ್ನಿಸಿತು, ಎದ್ದು ಹೋಗಲೂ ಆಗಲಿಲ್ಲ.

ಮಾಸ್ತರರು ಬಂದು ಚಾಪೆಯ ಅಂಚಿಗೆ, ಹೆಂಡತಿಯ ಎದುರು ಕೂತರು. ಮೊಣಕಾಲು ಹಿಡಿದು ಕೂರಲು ಅವರಿಗೆ ಹೊತ್ತು ಹಿಡಿಯಿತು.

"ಈಗ ಕೇಳ್ತೀನಿ," ಅಂದರು. "ಹೇಳು."

ಅನಸೂಯಾಬಾಯಿ ಗಂಡನ ಮುಖ ನೋಡಿದರು. ನಿಜವಾಗಿ ಕೇಳುತ್ತಿದ್ದಾರೆಯೇ ಎಂದು ನೋಡುವ ಹಾಗೆ ನೋಡಿದರು.

"ಭಾಳ ಬ್ಯಾಸರಾಗಿತ್ರಿ," ಅಂದರು. "ಟಿಕೀಟಿನ ನಂಬರ್ ನನಗ ಇನ್ನೂ ಬಾಯಿಪಾಠ ಅದ."

ನಂಬರನ್ನು ಹೇಳಿದರು. ಆರು ಅಂಕಿ, ಒಂದೂ ತಡವರಿಸಲಿಲ್ಲ.

ವಿಜಯಕ್ಕನ ಬೆರಳು ಕೀಲಿಗಳ ಮೇಲೆ ಹಾಗೆಯೇ ನಿಂತಿದ್ದವು. ಅವಳು ಮಾಸ್ತರರನ್ನು ನೋಡಿದಳು. ಅವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡರು.

"ಅಕಿ ಹೆಂಗ ಅಂದ್ಲೋ ಹಂಗ ಹೊಡಿ, ತಂಗಿ. ಒಂದಕ್ಷರ ತಿದ್ದಬ್ಯಾಡ."

ಅವಳು ಹೊಡೆದಳು. ಮಾಸ್ತರರು ಜೇಬಿನಿಂದ ಕೆಂಪು ಪೆನ್ನು ತೆಗೆದು, ಹೆಂಡತಿಯ ತೊಡೆಯ ಮೇಲಿದ್ದ ಪ್ರತಿಯ ಮೇಲೆ ಬಗ್ಗಿ, ತಾವು ಬರೆದ ಆ ಸಾಲನ್ನು ನಿಧಾನವಾಗಿ ಹೊಡೆದು ಹಾಕಿದರು. ಆಮೇಲೆ ಕೊನೆಯ ಪುಟ ತೆಗೆದು, ಇನ್ನೂರ ಹದಿನಾರು ಎಂದಿದ್ದನ್ನು ಗೀಚಿ ಹಾಕಿ, ಅಲ್ಲಿ 'ಒಂದು' ಎಂದು ಬರೆದರು.

ಅನಸೂಯಾಬಾಯಿ ಅದನ್ನು ನೋಡಿದರು. ಪುಟ ತಿರುವಿ ಹನ್ನೆರಡನೆಯ ಅಧ್ಯಾಯ ಓದತೊಡಗಿದರು. ಮಾಸ್ತರರು ಸ್ಟೂಲಿಗೆ ತಿರುಗಿ ಹೋಗಲಿಲ್ಲ, ಚಾಪೆಯ ಮೇಲೆಯೇ ಕೂತು ಕೇಳಿದರು. ನಾನು ವಿಜಯಕ್ಕನ ಕಪ್ಪಿನ ಕಡೆ ನೋಡಿದೆ. ಚಾದ ಮೇಲೆ ದಪ್ಪನೆಯ ಕೆನೆ ಕಟ್ಟಿತ್ತು. ನನ್ನ ಕಪ್ಪಿನಲ್ಲೂ ಕಟ್ಟಿತ್ತು.