ಅಕ್ಕಿಮುಡಿಯಲ್ಲಿ ಬಚ್ಚಿಟ್ಟ ಕಾಗದ

ಅರವತ್ತರ ದಶಕದ ಕೊನೆಯ ಒಂದು ಮೇ ತಿಂಗಳು. ಮುಂಬಯಿಯ ದೊಡ್ಡ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿದ್ದ ನನ್ನ ಯಜಮಾನರು ವರ್ಷದ ರಜೆಗೆ ಬ್ರಹ್ಮಾವರಕ್ಕೆ ಬಂದಿದ್ದರು. ಯಾವ ಬಿಡಿಭಾಗ ಯಾವ ಉಗ್ರಾಣದಲ್ಲಿದೆ ಎಂದು ಯಂತ್ರವೇ ಹೇಳುವಂತೆ ಮಾಡುವುದು ಅವರ ಕೆಲಸ. ಹೇಗೆಂದು ಕೇಳಿದಾಗ ಮಾಡಿನ ಹಂಚು ತೋರಿಸಿದರು.

“ನಲ್ವತ್ ಜನ ಸೇರಿ ಒಂದೇ ಪ್ರೋಗ್ರಾಂ ಬರೆಯೂದ್. ಒಬ್ಬೊಬ್ರಿಗೆ ಒಂದೊಂದ್ ತುಂಡ್. ನನ್ ಹಂಚ್ ಪಕ್ಕದವ್ನ ಹಂಚಿಗೆ ಸಮ ಕೂರ್ಕ್. ಅವ ಅಚ್ಚ್ ಬದ್ಲ್ ಮಾಡ್ರೆ ನಂಗ್ ಹೇಳ್ಕ್. ಇಲ್ದಿರೆ ಮಾಡೇ ಸೋರತ್ತ್.”

ನಮ್ಮ ಮನೆಯಲ್ಲೊಂದು ಪದ್ಧತಿಯಿತ್ತು. ಹಿಂದೊಮ್ಮೆ ಆಫೀಸಿನ ತಂತಿ ಬಂದು ಅವರು ಅರ್ಧ ರಜೆಯಲ್ಲೇ ಹೊರಟುಹೋಗಿದ್ದರು. ಅಂದಿನಿಂದ ರಜೆಯಲ್ಲಿ ಬಂದ ಆಫೀಸಿನ ಕಾಗದವನ್ನು ಅತ್ತೆ ಅಡುಗೆಮನೆಯ ಅಕ್ಕಿಮುಡಿಗೆ ಸುತ್ತಿದ ಬೈಹುಲ್ಲಿನೊಳಗೆ ಸಿಕ್ಕಿಸಿಡುತ್ತಿದ್ದರು. ಆ ಸಲ ಪೋಸ್ಟಿನವರು ಕಾಗದ ಕೊಟ್ಟದ್ದು ನನ್ನ ಕೈಗೆ.

“ಹೆಣೆ, ಒಡ್ದ್ ಕಾಣ್. ಬಪ್ಪುಕೆ ಹೇಳಿದ್ರಾ?” ಎಂದರು ಅತ್ತೆ.

ಪರರ ಕಾಗದ ಓದುವುದು ಪಾಪವೆಂದು ಕಾನ್ವೆಂಟಿನಲ್ಲಿ ಕಲಿತವಳು ನಾನು. ಆದರೂ ಒಡೆದೆ. ಪಕ್ಕದ ಮೇಜಿನ ಸಹೋದ್ಯೋಗಿ ಇಂಗ್ಲಿಷಿನಲ್ಲಿ ಬರೆದಿದ್ದರು: ಬಿಡಿಭಾಗದ ನಂಬರು ಐದಂಕಿಯಿಂದ ಆರಂಕಿಗೆ ಬದಲಾಗಿದೆ. ನೀವು ಮರಳುವಾಗ ನಾನು ರಜೆಯಲ್ಲಿರುತ್ತೇನೆ. ಬಂದ ದಿನವೇ ನಿಮ್ಮ ತುಂಡಿನಲ್ಲೂ ತಿದ್ದಿಬಿಡಿ. ‘ಆರು’ ಎಂಬುದರ ಕೆಳಗೆ ಕೆಂಪು ಶಾಯಿಯ ಎರಡು ಗೆರೆಗಳಿದ್ದವು.

“ಇಲ್ಲೆ ಅತ್ತೆ. ಎಂತದೋ ನಂಬ್ರದ್ ವಿಷ್ಯ.”

“ನಂಬ್ರ ಎಲ್ಲಿಗ್ ಓಡಿ ಹೋತ್ತ್? ಹೋಪತಿಗೆ ಕೊಟ್ರ್ ಸೈ,” ಎಂದು ಅತ್ತೆ ಅದನ್ನೂ ಮುಡಿಗೆ ಸಿಕ್ಕಿಸಿದರು.

ಯಜಮಾನರು ಹೊರಡುವ ದಿನ ಮುಡಿಯಿಂದ ಕಾಗದ ತೆಗೆಯಲು ಹೋದೆ. ಒಡೆದ ಲಕೋಟೆ, ಹತ್ತು ದಿನ ಹಳತು. ಯಾಕೆ ಬಚ್ಚಿಟ್ಟೆ ಎಂದು ಅವರು ಕೇಳಿದರೆ ಏನು ಹೇಳಲಿ? ಅಷ್ಟರಲ್ಲಿ ಬಸ್ಸು ಬಂತು. ಕಾಗದವನ್ನು ಹುಲ್ಲಿನೊಳಗೇ ಬಿಟ್ಟೆ.

ಎರಡು ತಿಂಗಳ ಮೇಲೆ ಅವರ ಪತ್ರ ಬಂತು. ಎಲ್ಲರ ತುಂಡುಗಳನ್ನೂ ಜೋಡಿಸಿದಾಗ ಪ್ರೋಗ್ರಾಂ ನಿಂತೇಹೋಯಿತಂತೆ. ತಪ್ಪು ಇರುವುದು ಇವರ ತುಂಡಿನಲ್ಲಿ ಎಂದು ಹುಡುಕಲು ವಾರಗಳೇ ಹಿಡಿದವಂತೆ. “ಕಾಗದ ಬರೆದಿದ್ದೆ ಎಂದು ಪಕ್ಕದ ಮೇಜಿನವನು ಆಣೆ ಹಾಕಿದ. ನನಗೆ ಬಂದಿಲ್ಲ ಎಂದು ಎಲ್ಲರೆದುರು ಹೇಳಿದೆ. ಅಂಥ ಸುಳ್ಳುಗಾರ ಬೇಡವೆಂದು ಅವನನ್ನು ಈ ಕೆಲಸದಿಂದ ತೆಗೆದರು.”

ಯಜಮಾನರು ಹೇಳಿದ್ದು ನಿಜ. ಆ ಸಹೋದ್ಯೋಗಿಯೂ ನಿಜವನ್ನೇ ಹೇಳಿದ್ದರು. ಸುಳ್ಳಿದ್ದದ್ದು ನಮ್ಮ ಅಡುಗೆಮನೆಯಲ್ಲಿ. ಅಂದೇ ಕಾಗದ ತೆಗೆದು, ಅಂಟಿದ್ದ ಹುಲ್ಲಿನ ಧೂಳು ಒರೆಸಿ, ಹೊಸ ಲಕೋಟೆಗೆ ಹಾಕಿದೆ. ಆದರೆ ಜೊತೆಗೆ ಬರೆದ ನಾಲ್ಕು ಸಾಲಿನಲ್ಲಿ ನನ್ನ ಕೈ ಮತ್ತೆ ಸೋತಿತು: “ನೀವು ಹೋದ ಮೇಲೆ ಬಂತು. ಒಡೆದಿಟ್ಟು ಮರೆತೆ.”

ಸಹೋದ್ಯೋಗಿ ತಮ್ಮ ಮೇಜಿಗೆ ಮರಳಿದರು. ಯಜಮಾನರು ಅವರ ಕ್ಷಮೆ ಕೇಳಿದರಂತೆ. ಅಷ್ಟಕ್ಕೇ ನಿಲ್ಲದೆ, ತಡವಾಗಿ ಕಾಗದ ಕೊಟ್ಟರೆಂದು ಅಂಚೆ ಇಲಾಖೆಗೆ ದೂರನ್ನೂ ಬರೆದರು.

ದೂರಿನ ಸುದ್ದಿ ತಿಳಿದು ಪೋಸ್ಟಿನವರು ಅಂಗಳಕ್ಕೆ ಬಂದು ನಿಂತರು. ಎಂದಿನಂತೆ ಬೆಲ್ಲ, ನೀರು ತಂದೆ. ಅವರು ಮುಟ್ಟಲಿಲ್ಲ.

“ಅಮ್ಮ, ಆ ಕಾಗ್ದ ನಿಮ್ ಕೈಗೇ ಕೊಟ್ಟದ್ದಲ್ದಾ? ಯಜಮಾನ್ರ್ ಆಗ ಮನ್ಯಂಗೇ ಇದ್ದಿರ್.”

ಅತ್ತೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು.

“ನಂಗ್ ನೆನ್ಪಿಲ್ಲೆ,” ಎಂದೆ.

“ಇರ್ಲಿ ಅಮ್ಮ,” ಎಂದರು. ದನಿಯಲ್ಲಿ ಕೋಪವೂ ಇರಲಿಲ್ಲ.

ಮುಂದಿನ ಸಲದಿಂದ ಅವರು ಅಂಗಿಯ ಜೇಬಿನಿಂದ ಒಂದು ಚಿಕ್ಕ ನೋಟುಪುಸ್ತಕ ತೆಗೆದು, ನನ್ನಿಂದ ಸಹಿ ಹಾಕಿಸಿಕೊಂಡೇ ಕಾಗದ ಕೊಡುತ್ತಿದ್ದರು. ನಮ್ಮ ಸಾಲಿನ ಬೇರೆ ಯಾವ ಮನೆಯಲ್ಲೂ ಅವರು ಸಹಿ ಕೇಳುತ್ತಿರಲಿಲ್ಲ.