ಓಬಕ್ಕನ ಕಾಲು

ಪುರವರದಲ್ಲಿ ಓಬಕ್ಕ ನೀರು ಹಾಕದ ಮಗು ಹುಡುಕಿದರೂ ಸಿಗುವುದಿಲ್ಲ. ಸೀರೆಯನ್ನು ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿ, ಬಚ್ಚಲಲ್ಲಿ ಎರಡೂ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡರೆ ಎಂಥ ಹಟಮಾರಿ ಕೂಸೂ ತೆಪ್ಪಗಾಗುತ್ತಿತ್ತು. ಆ ಕಾಲುಗಳ ಬಗ್ಗೆ ಅವಳಿಗೆ ತುಸು ಜಂಬವೂ ಇತ್ತು. ಇರಲಿ ಬಿಡಿ, ಬೇರೆ ಆಸ್ತಿ ಏನಿತ್ತು ಪಾಪ.

ಬೆಳಗಿನಿಂದ ಮೂರು ಮನೆ, ಒಂದೇ ಒದ್ದೆ ಸೀರೆ. ಈ ಬೇಸಿಗೆಯಲ್ಲಿ ಕಾಲಿಗೆ ಹುಳುಕಡ್ಡಿ ಹತ್ತಿತು. ಮೆಡಿಕಲ್ ಸ್ಟೋರಿನಲ್ಲಿ ಹೆಸರು ಹೇಳಲು ನಾಚಿ, "ಉರಿಗೆ ಒಂದು ಟ್ಯೂಬ್ ಕೊಡಪ್ಪ" ಎಂದು ತಂದು ಹಚ್ಚಿದಳು. ನಾಲ್ಕು ದಿನ ಮಾಯವಾದಂತೆ ಕಂಡದ್ದು ಆಮೇಲೆ ಮೊಣಕಾಲವರೆಗೂ ಬಳೆ ಬಳೆಯಾಗಿ ಹರಡಿತು. ಆದರೂ ಕೆಲಸ ಬಿಡಲು ಮನಸ್ಸಾಗಲಿಲ್ಲ. ಸೀರೆ ಇಳಿಬಿಟ್ಟುಕೊಂಡೇ ಕೂರತೊಡಗಿದಳು. "ಕಾಲ್ನೋವು ಕಣಮ್ಮ, ಗಾಳಿ ತಾಕ್ಬಾರ್ದು" ಎಂದರೆ ಆ ಮೂರು ಮನೆಗಳಲ್ಲೊಂದರ ಯಜಮಾನಿ ನಾಗರತ್ನಮ್ಮನವರೂ ನಂಬಿದರು. ಬಟ್ಟೆ ಅಡ್ಡವಿದೆ, ಮಗುವಿಗೇನೂ ಆಗದು ಎಂದು ತಾನೂ ನಂಬಿಕೊಂಡಳು.

ಒಂದು ಬೆಳಿಗ್ಗೆ ನಾಗರತ್ನಮ್ಮನವರ ಮೂರು ತಿಂಗಳ ಮೊಮ್ಮಗಳ ಬೆನ್ನ ಮೇಲೆ ಕೆಂಪು ಉಂಗುರ ಕಂಡಿತು. ಅದು ಎಲ್ಲಿಂದ ಬಂತೆಂದು ಓಬಕ್ಕನಿಗೆ ನೋಡಿದೊಡನೆ ಗೊತ್ತಾಯಿತು. ಅಜ್ಜಿಯ ಕೈಗೆ ಸಿಕ್ಕವಳು ಮಾತ್ರ ಸೊಸೆ ಭವ್ಯ.

"ಬಟ್ಟೆ ನೆಟ್ಟಗೆ ಒಗೆಯಲ್ಲ, ಒಣಗಿಸಲ್ಲ. ನಿನ್ನ ಕೊಳಕೇ ಮಗೀಗೆ ಹತ್ತೈತೆ!"

ಹೀಗೆ ಎಂಟು ದಿನ. ಎಂಟು ದಿನವೂ ಭವ್ಯ ಕಣ್ಣೊರೆಸಿಕೊಂಡಳು, ಓಬಕ್ಕ ತಲೆ ಎತ್ತದೆ ನೀರು ಹಾಕಿದಳು. ಹೇಳಿಬಿಟ್ಟರೆ ಮತ್ತೆ ಯಾರೂ ಬಚ್ಚಲಿಗೆ ಸೇರಿಸುವುದಿಲ್ಲ ಎಂಬ ಭಯ. ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿತ್ತು.

ಒಂಬತ್ತನೇ ದಿನ ಮಗುವನ್ನು ಎತ್ತಿಕೊಳ್ಳಲೆಂದು ಅವಳನ್ನೂ ಮಧುಗಿರಿಯ ಡಾಕ್ಟರ ಹತ್ತಿರ ಕರೆದೊಯ್ದರು.

"ಇದು ಅಂಟು. ಮಗುವನ್ನ ಮುಟ್ಟೋರಲ್ಲಿ ಇನ್ಯಾರಿಗಿದೆ?" ಎಂದರು ಡಾಕ್ಟರು.

ನಾಗರತ್ನಮ್ಮ ಸೊಸೆಯ ಕಡೆ ತಿರುಗಿದರು. ಭವ್ಯ ಅಳುತ್ತಲೇ ತನ್ನ ಕೈ ತೋರಿಸಲು ಮುಂದಾದಳು. ಓಬಕ್ಕನಿಗೆ ಇನ್ನು ತಡೆಯಲಾಗಲಿಲ್ಲ. ಅಷ್ಟು ಜನರೆದುರು ಸೀರೆಯನ್ನು ಮೊಣಕಾಲವರೆಗೆ ಎತ್ತಿದಳು.

"ನಂಗೈತೆ ಸಾರ್. ಆಯಮ್ಮಂದು ಏನೂ ತೆಪ್ಪಿಲ್ಲ."

ಡಾಕ್ಟರು ಬೈಯಲಿಲ್ಲ. ಇಬ್ಬರಿಗೂ ಔಷಧಿ ಬರೆದರು. ಅವಳು ಹಚ್ಚಿದ್ದ ಟ್ಯೂಬ್ ಯಾವುದೆಂದು ಕೇಳಿಕೊಂಡು, ಹರಡಿದ್ದು ಅದರಿಂದಲೇ, ಅದನ್ನು ಬಿಸಾಡಿ, ಬಟ್ಟೆ ಬಿಸಿಲಿಗೆ ಒಣಗಿಸಿ, ವಾಸಿಯಾದಂತೆ ಕಂಡರೂ ಮಧ್ಯದಲ್ಲಿ ನಿಲ್ಲಿಸಬೇಡಿ ಎಂದರು. ನಾಗರತ್ನಮ್ಮ ಓಬಕ್ಕನ ತೋಳಿನಿಂದ ಮಗುವನ್ನು ಕಿತ್ತುಕೊಂಡರು. ಅದಕ್ಕಿಂತ ಚುಚ್ಚಿದ್ದು ಬಸ್ ಸ್ಟ್ಯಾಂಡಿನಲ್ಲಿ ಭವ್ಯ ಮೆಲ್ಲಗೆ ಕೇಳಿದ ಮಾತು.

"ನಾನು ದಿನಾ ಬೈಸ್ಕೊಳ್ವಾಗ ನೀವು ಅಲ್ಲೇ ಇದ್ರಲ್ಲ, ಓಬಕ್ಕ?"

ಎರಡು ತಿಂಗಳಿಗೆ ಕಾಲು ವಾಸಿಯಾಯಿತು. ಭವ್ಯಳೇ ಹೇಳಿ ಕಳಿಸಿದಳು. ಓಬಕ್ಕ ಬಚ್ಚಲಲ್ಲಿ ಕಾಲು ನೀಡಿ, "ಮೊದ್ಲು ನೋಡ್ಬುಡವ್ವ" ಎಂದಳು. ಭವ್ಯ ಬಗ್ಗಿ ಎರಡೂ ಕಾಲನ್ನು ನಿಧಾನವಾಗಿ ನೋಡಿ, ಆಮೇಲೆ ಮಗುವನ್ನು ಮಲಗಿಸಿದಳು. ನೋಡಿದ್ದೇ ಸರಿ ಎಂದು ಓಬಕ್ಕನಿಗೂ ಗೊತ್ತಿತ್ತು. ಆದರೂ ನೀರು ಹಾಕಿ ಮುಗಿಯುವವರೆಗೆ ಅವಳು ತಲೆ ಎತ್ತಲಿಲ್ಲ.